ಮಣ್ಣಿಗೆ ಕೇಳಿದ ಪ್ರಶ್ನೆ



ಈ ದತ್ತಿ ಉಪನ್ಯಾಸ ಯಾರ ನೆನಪಿಗಾಗಿ ನಡೆಯುತ್ತಿದೆಯೋ ಆ ಡಾಕ್ಟರನ್ನು ಹುಡುಗನಾಗಿದ್ದಾಗ ಹತ್ತಿರದಿಂದ ಕಂಡವನು ನಾನು. ನಮ್ಮ ಬೀದಿಯ ಕೊನೆಯಲ್ಲಿ ಕ್ಷಯ ತಗುಲಿದ್ದ ನೇಕಾರರೊಬ್ಬರಿದ್ದರು. ಡಾಕ್ಟರು ತಿಂಗಳುಗಟ್ಟಲೆ ಸೈಕಲ್ಲಿನಲ್ಲಿ ಬಂದು ಅವರಿಗೆ ಸೂಜಿ ಚುಚ್ಚುತ್ತಿದ್ದರು. ಗಾಜಿನ ಸಿರಿಂಜನ್ನು ಕುದಿಸಿ, ರಬ್ಬರು ಮುಚ್ಚಳದ ಪುಟ್ಟ ಸೀಸೆಯೊಳಗಿನ ಬಿಳಿಯ ಪುಡಿಗೆ ನೀರು ಬಿಟ್ಟು ಕುಲುಕಿ, ಬೆಳಕಿಗೆ ಹಿಡಿದು ನೋಡುತ್ತಿದ್ದ ಅವರ ಕೈ ಇಂದಿಗೂ ನನ್ನ ಕಣ್ಣಮುಂದಿದೆ. ಖಾಲಿಯಾದ ಸೀಸೆಗಳು ಮಕ್ಕಳಾದ ನಮ್ಮ ಪಾಲಿಗೆ ಬರುತ್ತಿದ್ದವು. ನೇಕಾರರು ಬದುಕಿಕೊಂಡರು, ಮತ್ತೆ ಮಗ್ಗಕ್ಕೆ ಕೂತರು. ಕಿವಿ ಮಾತ್ರ ಮಂದವಾಯಿತು. ಸೀಸೆಯ ಮೇಲಿದ್ದ ಹೆಸರು ಸ್ಟ್ರೆಪ್ಟೊಮೈಸಿನ್ ಎಂದೂ, ಅದು ಮಣ್ಣಿನ ಒಂದು ಬ್ಯಾಕ್ಟೀರಿಯಾ ತಯಾರಿಸುವ ವಸ್ತುವೆಂದೂ, ಜೀವ ಉಳಿಸಿದ ಔಷಧವೇ ಒಳಗಿವಿಗೆ ಪೆಟ್ಟು ಕೊಡುತ್ತದೆಂದೂ ನನಗೆ ತಿಳಿದದ್ದು ಎಂ.ಎಸ್ಸಿ. ಓದುವಾಗ.

ಆದ್ದರಿಂದ ಈ ದತ್ತಿಗೆ ಮಾತನಾಡಬೇಕೆಂದು ಕರೆ ಬಂದಾಗ ವಿಷಯಕ್ಕಾಗಿ ಹೆಚ್ಚು ಯೋಚಿಸಲಿಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಆ್ಯಂಟಿಬಯಾಟಿಕ್ ಹುಡುಕಿದ ಕಥೆಯನ್ನು ಸಾಮಾನ್ಯವಾಗಿ ಅದೃಷ್ಟದ ಕಥೆಯಾಗಿ ಹೇಳುತ್ತಾರೆ. ಎಲ್ಲೋ ಒಂದು ಹಿಡಿ ಮಣ್ಣು ತಂದರು, ಔಷಧ ಸಿಕ್ಕಿತು ಎಂಬಂತೆ. ನಲವತ್ತು ವರ್ಷ ಇದೇ ಕೆಲಸ ಮಾಡಿದವನಾಗಿ ನಾನು ಅದನ್ನು ಒಪ್ಪುವುದಿಲ್ಲ. ಮಣ್ಣಿಗೆ ಸರಿಯಾದ ಪ್ರಶ್ನೆ ಕೇಳಿದವರಿಗೆ ಔಷಧ ಸಿಕ್ಕಿದೆ. ಕೇಳಿದ್ದನ್ನೇ ಕೇಳುತ್ತ ಕೂತ ಕಾಲದಲ್ಲಿ ಏನೂ ಸಿಕ್ಕಿಲ್ಲ.

ಮೊದಲು ಆ ಬ್ಯಾಕ್ಟೀರಿಯಾದ ಪರಿಚಯ. ನೀವೆಲ್ಲರೂ ಅದನ್ನು ಮೂಗಿನಿಂದ ಬಲ್ಲಿರಿ. ಬೇಸಗೆಯ ಕೊನೆಗೆ ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಯಲ್ಲಿ ಜಿಯೋಸ್ಮಿನ್ ಎಂಬ ರಾಸಾಯನಿಕದ ಪಾಲು ದೊಡ್ಡದು. 1965ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಅದನ್ನು ಬೇರ್ಪಡಿಸಿ ಹೆಸರಿಟ್ಟರು. ಅದನ್ನು ತಯಾರಿಸುವವುಗಳಲ್ಲಿ ಮುಖ್ಯವಾದವು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು. ಬ್ಯಾಕ್ಟೀರಿಯಾ ಎಂದರೆ ಒಂದೊಂದೇ ಗುಂಡು ಅಥವಾ ಕಡ್ಡಿ ಎಂದು ನಾವು ಕಲಿತಿರುತ್ತೇವೆ. ಇವು ಹಾಗಲ್ಲ. ಬೂಷ್ಟಿನಂತೆ ಎಳೆಎಳೆಯಾಗಿ ಮಣ್ಣಿನ ಕಣಗಳ ನಡುವೆ ಹಬ್ಬುತ್ತವೆ. ಆಹಾರ ತೀರಿದಾಗ ಗಾಳಿಗೆ ಎಳೆ ಎತ್ತಿ, ತುದಿಯಲ್ಲಿ ಬೀಜಾಣುಗಳ ಸರ ಕಟ್ಟುತ್ತವೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೊಂದು ಸಂಗತಿ ತೋರಿಸಿತು. ಮಣ್ಣಿನ ಪುಟ್ಟ ಜಿಗಿಹುಳುಗಳು ಜಿಯೋಸ್ಮಿನ್ ವಾಸನೆ ಹಿಡಿದು ಬಂದು ಸ್ಟ್ರೆಪ್ಟೊಮೈಸಿಸನ್ನು ಮೇಯುತ್ತವೆ, ಬೀಜಾಣುಗಳನ್ನು ಮೈಗಂಟಿಸಿಕೊಂಡು ಬೇರೆಡೆಗೆ ಒಯ್ಯುತ್ತವೆ. ನಮಗೆ ಮಳೆಯ ವಾಸನೆ. ಆ ಹುಳುವಿಗೆ ಅದು ಊಟದ ಕರೆ.

ಬೀಜಾಣು ಕಟ್ಟುವ ಹೊತ್ತೇ ಇದರ ಬದುಕಿನ ಅಪಾಯದ ಹೊತ್ತು. ಹಳೆಯ ಎಳೆಗಳು ತಮ್ಮನ್ನು ತಾವೇ ಕರಗಿಸಿಕೊಂಡು ಹೊಸ ಎಳೆಗಳಿಗೆ ಆಹಾರವಾಗುತ್ತವೆ. ಕರಗಿದ ಆ ಸಾರಕ್ಕೆ ಸುತ್ತಲಿನ ಕೋಟಿ ಬಾಯಿಗಳು ಕಾದಿರುತ್ತವೆ. ಸ್ಟ್ರೆಪ್ಟೊಮೈಸಿಸ್ ತನ್ನ ಆ್ಯಂಟಿಬಯಾಟಿಕ್ಕುಗಳನ್ನು ಹೆಚ್ಚಾಗಿ ಈ ಹೊತ್ತಿಗೇ ಹೊರಬಿಡುತ್ತದೆ. ಬೆಳೆ ಕೊಯ್ಲಿಗೆ ಬಂದಾಗ ರೈತ ಹೊಲದಲ್ಲಿ ಅಟ್ಟಣೆ ಕಟ್ಟಿ ಕಾವಲು ಕೂರುವುದಿಲ್ಲವೇ, ಹಾಗೆ. ಇಷ್ಟೇ ಎಂದು ನಾನು ಹೇಳುವುದಿಲ್ಲ. ತೀರಾ ಕಡಿಮೆ ಪ್ರಮಾಣದಲ್ಲಿ ಇವು ಕೊಲ್ಲುವ ಬದಲು ಅಕ್ಕಪಕ್ಕದವರಿಗೆ ಸೂಚನೆ ಕಳಿಸುತ್ತವೆ ಎಂದು ವಾದಿಸುವ ವಿಜ್ಞಾನಿಗಳಿದ್ದಾರೆ, ಅವರ ವಾದಕ್ಕೂ ಆಧಾರವಿದೆ. ಮಣ್ಣು ತೆರವಾದ ಜಾಗವಲ್ಲ, ಜನ ಕಿಕ್ಕಿರಿದ ಸಂತೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ.

ಈ ಸಂತೆಗೆ ಮೊದಲ ನೇರ ಪ್ರಶ್ನೆ ಕೇಳಿದವರು ರೆನೆ ಡ್ಯೂಬೋ. ಫ್ರಾನ್ಸಿನವರು. 1924ರಲ್ಲಿ ರೋಮ್‌ನ ಒಂದು ಕೃಷಿ ಸಂಸ್ಥೆಯಲ್ಲಿ ಕೆಲಸಕ್ಕಿದ್ದಾಗ ರಷ್ಯದ ಸೂಕ್ಷ್ಮಜೀವಿ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಅವರ ಲೇಖನವೊಂದನ್ನು ಓದಿದರು. ಪ್ರಯೋಗಾಲಯದಲ್ಲಿ ಸಾಕಿದ ಬ್ಯಾಕ್ಟೀರಿಯಾವನ್ನು ನೋಡಿ ಮಣ್ಣಿನ ಬದುಕನ್ನು ಅರಿಯಲಾಗದು, ಅದನ್ನು ಅದರ ನೆಲೆಯಲ್ಲೇ, ಅದರ ಪೈಪೋಟಿಯ ನಡುವೆಯೇ ನೋಡಬೇಕು ಎಂಬುದು ಆ ಲೇಖನದ ತಿರುಳು. ಇಪ್ಪತ್ತಮೂರರ ಹರೆಯದ ಹುಡುಗನನ್ನು ಅದು ಹಿಡಿದುಬಿಟ್ಟಿತು. ಡ್ಯೂಬೋ ಅಮೆರಿಕಕ್ಕೆ ಹೋಗಿ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಶಿಷ್ಯರಾದರು, ಆಮೇಲೆ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಆಸ್ವಾಲ್ಡ್ ಏವರಿ ಅವರ ಬಳಿ ಸೇರಿದರು.

ಏವರಿ ಅವರಿಗೆ ಒಂದು ಬಿಡಿಸಲಾಗದ ಗಂಟಿತ್ತು. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾಗಳಲ್ಲಿ ಮೂರನೆಯ ಬಗೆಯದು ಸಕ್ಕರೆಯ ಜಾತಿಯ ವಸ್ತುವಿನಿಂದಾದ ದಪ್ಪ ಹೊದಿಕೆ ಹೊದ್ದಿರುತ್ತದೆ. ರಕ್ತದ ಬಿಳಿಕಣಗಳು ಅದನ್ನು ಹಿಡಿಯಲಾರವು. ಡ್ಯೂಬೋ ಯೋಚಿಸಿದ್ದು ಹೀಗೆ: ಸತ್ತ ಎಲೆ, ಕೊಂಬೆ, ಮೂಳೆ ಎಲ್ಲವನ್ನೂ ಮಣ್ಣು ಅರಗಿಸಿಕೊಳ್ಳುತ್ತದೆ. ಈ ಹೊದಿಕೆಯೂ ಭೂಮಿಯ ಮೇಲೆ ರಾಶಿಯಾಗಿ ಉಳಿದಿಲ್ಲ. ಅಂದ ಮೇಲೆ ಅದನ್ನು ತಿನ್ನುವ ಜೀವಿ ಮಣ್ಣಿನಲ್ಲಿ ಇರಲೇಬೇಕು. ನ್ಯೂಜೆರ್ಸಿಯ ಕ್ರ್ಯಾನ್‌ಬೆರಿ ಬೆಳೆಯುವ ಜೌಗಿನಿಂದ ತಂದ ಮಣ್ಣಿಗೆ ಆ ಹೊದಿಕೆಯ ವಸ್ತುವೊಂದನ್ನೇ ಆಹಾರವಾಗಿ ಕೊಟ್ಟು ಕಾದರು. ಮಿಕ್ಕವೆಲ್ಲ ಹಸಿದು ಸೊರಗಿದವು, ಅದನ್ನು ತಿನ್ನಬಲ್ಲ ಒಂದು ಬ್ಯಾಕ್ಟೀರಿಯಾ ಬೆಳೆದು ನಿಂತಿತು. ಅದರ ಕಿಣ್ವ ಇಲಿಗಳನ್ನು ನ್ಯುಮೋನಿಯಾದಿಂದ ಕಾಪಾಡಿತು. 1930ರಲ್ಲಿ ಪ್ರಕಟವಾದ ಈ ಕೆಲಸವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಒಂದಿಡೀ ಅವಧಿ ಹೇಳುತ್ತಿದ್ದೆ. ಸಲ್ಫಾ ಮಾತ್ರೆಗಳು ಬಂದದ್ದರಿಂದ ಆ ಕಿಣ್ವ ಔಷಧವಾಗಿ ಬಳಕೆಗೆ ಬರಲಿಲ್ಲ. ಆದರೆ ಮಣ್ಣನ್ನು ಕೇಳುವ ಬಗೆ ಹೇಗೆಂದು ಅದು ತೋರಿಸಿಕೊಟ್ಟಿತು.

ಒಂಬತ್ತು ವರ್ಷಗಳ ಬಳಿಕ, 1939ರಲ್ಲಿ, ಡ್ಯೂಬೋ ಜೀವಂತ ರೋಗಾಣುಗಳನ್ನೇ ಮಣ್ಣಿಗೆ ಉಣಿಸಿ ಅವುಗಳನ್ನು ಕೊಲ್ಲುವ ಬ್ಯಾಸಿಲಸ್ ಒಂದನ್ನು ಹೊರತಂದರು. ಅದರಿಂದ ಸಿಕ್ಕಿದ ಗ್ರ್ಯಾಮಿಸಿಡಿನ್ ರಕ್ತಕ್ಕೆ ಸೇರಿದರೆ ಕೆಂಪುಕಣಗಳನ್ನು ಒಡೆಯುತ್ತಿತ್ತು. ಹೀಗಾಗಿ ಗಾಯಕ್ಕೆ ಹಚ್ಚುವುದಕ್ಕಷ್ಟೇ ಉಳಿಯಿತು. ಮಣ್ಣಿನಿಂದ ಔಷಧ ತೆಗೆಯಬಹುದೆಂಬ ಧೈರ್ಯ ಅಲ್ಲಿಂದ ಹುಟ್ಟಿತು. ಡ್ಯೂಬೋ ಅವರ ಮಡದಿ ಮರಿ ಲೂಯಿಸ್ ಕ್ಷಯದಿಂದ ತೀರಿಕೊಂಡದ್ದು 1942ರಲ್ಲಿ. ಕ್ಷಯಕ್ಕೆ ಮದ್ದು ಸಿಕ್ಕಿದ್ದು ಅದರ ಮರುವರ್ಷ, ಅವರ ಗುರುವಿನ ಪ್ರಯೋಗಾಲಯದಲ್ಲೇ.

ವಾಕ್ಸ್‌ಮನ್ ಅಷ್ಟು ಹೊತ್ತಿಗೆ ಸಾವಿರಾರು ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಸಾಲಾಗಿ ಪರೀಕ್ಷಿಸುವ ಕ್ರಮ ಹಾಕಿಕೊಂಡಿದ್ದರು. 1940ರ ಆ್ಯಕ್ಟಿನೊಮೈಸಿನ್ ಮತ್ತು 1942ರ ಸ್ಟ್ರೆಪ್ಟೊಥ್ರೈಸಿನ್ ರೋಗಾಣುವನ್ನು ಕೊಲ್ಲುತ್ತಿದ್ದವು, ಆದರೆ ಪ್ರಾಣಿಗಳಿಗೂ ವಿಷವಾಗಿದ್ದವು. 1943ರ ಬೇಸಗೆಯಲ್ಲಿ ಸೈನ್ಯದಿಂದ ಬಿಡುಗಡೆಯಾಗಿ ಬಂದ 23 ವರ್ಷದ ಆಲ್ಬರ್ಟ್ ಶಾಟ್ಸ್, ಕ್ಷಯದ ರೋಗಾಣುವಿನ ಮೇಲೆ ತಾನು ಕೆಲಸ ಮಾಡುತ್ತೇನೆಂದು ಮುಂದೆ ಬಂದರು. ಆ ರೋಗಾಣುವಿನ ಭಯದಿಂದ ಅವರಿಗೆ ಕೊಟ್ಟದ್ದು ನೆಲಮಾಳಿಗೆಯ ಕೋಣೆ. ತಿಂಗಳಿಗೆ 40 ಡಾಲರ್ ಸಂಬಳ. ರಾತ್ರಿಗಳನ್ನೂ ಅಲ್ಲೇ ಕಳೆಯುತ್ತಿದ್ದರು. ಭಟ್ಟಿಯ ದ್ರವ ಸೀಸೆಯ ಮೇಲೆ ಗುರುತು ಹಾಕಿದ ಗೆರೆಗೆ ಇಳಿದರೆ ಎಬ್ಬಿಸೆಂದು ಕಾವಲುಗಾರನಿಗೆ ಹೇಳಿಟ್ಟು ಮಲಗುತ್ತಿದ್ದರು. ಆ ಅಕ್ಟೋಬರ್ 19ಕ್ಕೆ ಅವರ ಕೈಯಲ್ಲಿ ಸ್ಟ್ರೆಪ್ಟೊಮೈಸಿನ್ ತಯಾರಿಸುವ ಎರಡು ತಳಿಗಳಿದ್ದವು. ಎರಡೂ ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್. ಒಂದು ಚೆನ್ನಾಗಿ ಗೊಬ್ಬರ ಹಾಕಿದ ಹೊಲದ ಮಣ್ಣಿನದು, ಇನ್ನೊಂದು ಸಹಪಾಠಿ ಡೋರಿಸ್ ಜೋನ್ಸ್ ಕೋಳಿಯೊಂದರ ಗಂಟಲಿನಿಂದ ಒರೆಸಿ ತಂದದ್ದು. ಅದೇ ಜಾತಿಯನ್ನು ವಾಕ್ಸ್‌ಮನ್ 1916ರ ಸುಮಾರಿಗೇ ಮಣ್ಣಿನಿಂದ ಬೇರ್ಪಡಿಸಿ, ಗುರುತಿಸಿ ಇರಿಸಿದ್ದರು. ಕ್ಷಯದ ಬಗ್ಗೆ ಅದನ್ನು ಕೇಳಿದವರು ಇರಲಿಲ್ಲ, ಅಷ್ಟೆ. ಇಪ್ಪತ್ತೇಳು ವರ್ಷ.

ಆಮೇಲಿನ ಜಗಳವನ್ನು ಬೇಗ ಹೇಳಿ ಮುಗಿಸುತ್ತೇನೆ. 1944ರ ಜನವರಿಯ ಪ್ರಬಂಧದಲ್ಲಿ ಶಾಟ್ಸ್, ಎಲಿಜಬೆತ್ ಬ್ಯೂಗಿ, ವಾಕ್ಸ್‌ಮನ್ ಎಂದು ಮೂವರ ಹೆಸರಿತ್ತು. ಪೇಟೆಂಟ್ ಅರ್ಜಿಯಲ್ಲಿ ಬ್ಯೂಗಿ ಇರಲಿಲ್ಲ. ಪೇಟೆಂಟಿನ ರಾಯಧನದ ಲೆಕ್ಕ ತಿಳಿದಾಗ ಶಾಟ್ಸ್ ಗುರುವಿನ ಮೇಲೆ ದಾವೆ ಹೂಡಿದರು. 1950ರ ರಾಜಿಯಲ್ಲಿ ಅವರನ್ನು ಸಹಶೋಧಕರೆಂದು ಒಪ್ಪಲಾಯಿತು, ಶೇ. 3ರಷ್ಟು ಪಾಲೂ ಬಂತು. 1952ರ ನೊಬೆಲ್ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ನನ್ನ ಮಟ್ಟಿಗೆ ಅದು ಅನ್ಯಾಯ. ಕೆಲಸದ ಕ್ರಮ ಗುರುವಿನದು, ನಿಜ. ಆದರೆ ಕ್ಷಯದ ರೋಗಾಣುವಿನ ಜೊತೆ ನೆಲಮಾಳಿಗೆಯಲ್ಲಿ ಕೂತವನು ಶಿಷ್ಯ.

ಆ ಔಷಧ ಎಂಥ ಕತ್ತಲೆಗೆ ಬಂತು ಎಂಬುದನ್ನು ಇಂದಿನ ಹುಡುಗರಿಗೆ ಹೇಳಬೇಕು. 1921ರಲ್ಲಿ ಮೈಸೂರಿನಲ್ಲಿ ತೆರೆದ ಕ್ಷಯರೋಗ ಆಸ್ಪತ್ರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ಅವರನ್ನೂ ಅವರ ಹೆಣ್ಣುಮಕ್ಕಳನ್ನೂ ಕ್ಷಯ ಕೊಂಡೊಯ್ದಿತ್ತು. ಅರಮನೆಯಲ್ಲೂ ಅದಕ್ಕೆ ಮದ್ದಿರಲಿಲ್ಲ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ. ಇಷ್ಟನ್ನೇ ಅಂದಿನ ವೈದ್ಯ ಕೊಡಬಲ್ಲವನಾಗಿದ್ದ.

ಸ್ಟ್ರೆಪ್ಟೊಮೈಸಿನ್ನಿನ ಜೊತೆಯಲ್ಲೇ ಅದರ ಸೋಲೂ ಬಂತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1947ರಲ್ಲಿ 107 ಕ್ಷಯರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷೆ ನಡೆಸಿತು. ಆರು ತಿಂಗಳಲ್ಲಿ ಬರೀ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14 ಜನ ಸತ್ತರು, ಔಷಧ ಪಡೆದ 55 ಮಂದಿಯಲ್ಲಿ ಸತ್ತವರು 4 ಜನ. ಇದನ್ನು ಎಲ್ಲರೂ ಹೇಳುತ್ತಾರೆ. ಐದು ವರ್ಷಗಳ ಲೆಕ್ಕವನ್ನು ಅಷ್ಟಾಗಿ ಹೇಳುವುದಿಲ್ಲ. ಅಷ್ಟು ಹೊತ್ತಿಗೆ ಮೊದಲ ಗುಂಪಿನಲ್ಲಿ 35, ಔಷಧದ ಗುಂಪಿನಲ್ಲಿ 32 ಮಂದಿ ತೀರಿಕೊಂಡಿದ್ದರು. ರೋಗಾಣು ಕೆಲವೇ ವಾರಗಳಲ್ಲಿ ಔಷಧಕ್ಕೆ ಒಗ್ಗಿಕೊಂಡಿತ್ತು. ಎರಡು ಮೂರು ಮದ್ದುಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದ ಮೇಲಷ್ಟೇ ಜನ ನಿಜವಾಗಿ ಉಳಿದದ್ದು. ನಮ್ಮ ಬೀದಿಯ ನೇಕಾರರು ಉಳಿದದ್ದೂ ಹಾಗೆಯೇ. ಸೂಜಿಯ ಜೊತೆಗೆ ಅವರು ಹಿಡಿಗಟ್ಟಲೆ ಮಾತ್ರೆ ನುಂಗುತ್ತಿದ್ದರು.

ಅಲ್ಲಿಂದ ಮುಂದೆ ಹದಿನೈದು ಇಪ್ಪತ್ತು ವರ್ಷ ಜಗತ್ತಿನ ಮಣ್ಣೆಲ್ಲ ಅಂಚೆಯಲ್ಲಿ ಓಡಾಡಿತು. ಔಷಧ ಕಂಪನಿಗಳು ಪಾದ್ರಿಗಳಿಗೆ, ಪ್ರವಾಸಿಗಳಿಗೆ, ತಮ್ಮ ಮಾರಾಟಗಾರರಿಗೆ ಮಣ್ಣು ಕಳಿಸಲು ಹೇಳಿದವು. ವೆನೆಜುವೆಲದ ಕರಾಕಸ್ ಬಳಿಯ ಮಣ್ಣಿನಿಂದ ಕ್ಲೋರಾಂಫೆನಿಕಾಲ್ ಬಂತು. ವಿಷಮಶೀತ ಜ್ವರದ ಮನೆಗಳಿಗೆ ಅದು ದೇವರಾಗಿ ಬಂತು. ಫಿಲಿಪ್ಪೀನ್ಸಿನ ಇಲೋಯಿಲೋದ ವೈದ್ಯ ಅಬೆಲಾರ್ಡೊ ಅಗಿಲಾರ್ 1949ರಲ್ಲಿ ಕಳಿಸಿದ ಮಣ್ಣಿನಿಂದ ಎರಿತ್ರೊಮೈಸಿನ್ ಬಂತು. ಅದರ ಮೊದಲ ವ್ಯಾಪಾರಿ ಹೆಸರು ಐಲೊಟೈಸಿನ್‌ನಲ್ಲಿ ಆ ಊರಿನ ಹೆಸರು ಉಳಿದಿದೆ. ಬೋರ್ನಿಯೊದ ಕಾಡಿನಿಂದ ಪಾದ್ರಿಯೊಬ್ಬರು ಕಳಿಸಿದ ಮಣ್ಣು ವ್ಯಾಂಕೊಮೈಸಿನ್ ಕೊಟ್ಟಿತು. ನ್ಯೂಯಾರ್ಕ್ ರಾಜ್ಯದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಬೇರೆ ಬೇರೆ ಊರುಗಳಲ್ಲಿ ಕೂತು ಅಂಚೆಯಲ್ಲೇ ಸೀಸೆಗಳನ್ನು ಕಳಿಸಿಕೊಳ್ಳುತ್ತ ನಿಸ್ಟಾಟಿನ್ ಕಂಡುಹಿಡಿದರು. ಮಿಸೌರಿ ವಿಶ್ವವಿದ್ಯಾಲಯದ ಹುಲ್ಲಿನ ಒಂದು ತುಂಡು ಹೊಲ, 23ನೆಯ ನಂಬರಿನದು, ಎಪ್ಪತ್ತು ದಾಟಿದ ಬೆಂಜಮಿನ್ ಡಗ್ಗರ್ ಅವರಿಗೆ ಆರಿಯೊಮೈಸಿನ್ ಕೊಟ್ಟಿತು. ಟೆಟ್ರಾಸೈಕ್ಲಿನ್‌ಗಳ ಮನೆತನಕ್ಕೆ ಅದೇ ಮೂಲ. ಡಗ್ಗರ್ ಕೆಲಸಕ್ಕಿದ್ದ ಲೆಡರ್ಲಿ ಕಂಪನಿಯಲ್ಲಿ ಆಗ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ನಮ್ಮವರ ಪಾಲೂ ಇಲ್ಲಿದೆ, ಅದನ್ನು ನಾವೇ ಮರೆತಿದ್ದೇವೆ. ಪುಣೆ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಸರಕಾರ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ ಕಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಕೂಡ ನೆರವಾದವು. ಅದರ ಸಂಶೋಧನಾ ವಿಭಾಗವನ್ನು ಕಟ್ಟಿ ನಡೆಸಿದವರು ಹಳೆಯ ಮೈಸೂರಿನ ಮಂಡಯಂ ಮನೆತನದ ಎಂ.ಜೆ. ತಿರುಮಲಾಚಾರ್. ಮೂಲತಃ ಶಿಲೀಂಧ್ರ ವಿಜ್ಞಾನಿ. ಅವರ ತಂಡ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ಹ್ಯಾಮೈಸಿನ್ ಎಂಬ, ಶಿಲೀಂಧ್ರ ರೋಗಗಳ ಮದ್ದನ್ನು ತೆಗೆಯಿತು. ಬೆಳೆಗಳ ಬೂಷ್ಟು ರೋಗಗಳಿಗೆ ಆರಿಯೊಫಂಜಿನ್ ಕೂಡ ಅಲ್ಲಿಂದಲೇ ಬಂತು. ಬ್ಯಾಕ್ಟೀರಿಯಾದ ಹೆಸರಿನಲ್ಲಿ ಊರಿನ ಹೆಸರು ಉಳಿದಿದೆ. ತಿರುಮಲಾಚಾರ್ ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ನನಗೆ ಕಂಡಿಲ್ಲ. ಕನ್ನಡದ ವಿಜ್ಞಾನ ಬರಹಗಾರರು ಯಾರಾದರೂ ಅವರ ಜೀವನಚರಿತ್ರೆ ಬರೆಯಬೇಕು.

ಇಷ್ಟೆಲ್ಲ ಸಿಕ್ಕಿದ ಮೇಲೆ ಗಣಿ ಬರಿದಾಯಿತು. ಯಾಕೆ? ರಿಚರ್ಡ್ ಬಾಲ್ಟ್ಸ್ ಎಂಬ ವಿಜ್ಞಾನಿ ಮಾಡಿದ ಅಂದಾಜು ಇದನ್ನು ಚೆನ್ನಾಗಿ ತಿಳಿಸುತ್ತದೆ. ಮಣ್ಣಿನಿಂದ ಎತ್ತಿದ ಸ್ಟ್ರೆಪ್ಟೊಮೈಸಿಸ್ ಬಳಗದ ಬ್ಯಾಕ್ಟೀರಿಯಾಗಳಲ್ಲಿ ಸುಮಾರು ಹತ್ತಕ್ಕೊಂದು ಸ್ಟ್ರೆಪ್ಟೊಥ್ರೈಸಿನ್ ತಯಾರಿಸುತ್ತದೆ, ನೂರಕ್ಕೊಂದು ಸ್ಟ್ರೆಪ್ಟೊಮೈಸಿನ್, ಸಾವಿರಕ್ಕೊಂದು ಟೆಟ್ರಾಸೈಕ್ಲಿನ್. ವ್ಯಾಂಕೊಮೈಸಿನ್ ಬೇಕೆಂದರೆ ಲಕ್ಷದಲ್ಲಿ ಹುಡುಕಬೇಕು. ಡ್ಯಾಪ್ಟೊಮೈಸಿನ್ ಕೋಟಿಗೆ ಒಂದು. ನೂರು, ಸಾವಿರ ಎತ್ತಿದವರಿಗೆಲ್ಲ ಸುಲಭದವು ಸಿಕ್ಕಿ ಮುಗಿದವು. ಆಮೇಲೆ ಎತ್ತಿದ್ದೆಲ್ಲ ಹಳೆಯದೇ. ಬ್ಯಾಕ್ಟೀರಿಯಾ ಬೆಳೆಸಲು ಅದೇ ತಟ್ಟೆ, ಅದೇ ಅಗರ್, ಅದೇ ಒಂದು ವಾರ, ಅದೇ ರೋಗಾಣು. ಉತ್ತರ ಬೇರೆ ಬರುವುದು ಹೇಗೆ? ನಾನೂ ಅದನ್ನೇ ಹದಿನೈದು ವರ್ಷ ಮಾಡಿದೆ. ತಟ್ಟೆಯ ಮೇಲೆ ರೋಗಾಣು ಬೆಳೆಯದೆ ಉಳಿದ ತಿಳಿಯಾದ ವೃತ್ತ ಕಂಡಾಗ ಆಗುವ ಸಂತೋಷ, ಮೂರು ತಿಂಗಳ ಬಳಿಕ ಅದು ಸ್ಟ್ರೆಪ್ಟೊಥ್ರೈಸಿನ್ನೇ ಎಂದು ಗೊತ್ತಾದಾಗ ವಿದ್ಯಾರ್ಥಿನಿಯ ಮುಖ ಸಪ್ಪಗಾಗುವುದು, ಎರಡನ್ನೂ ಬಲ್ಲೆ.

ಹಣದ ಮಾತೂ ಇದೆ. ಆ್ಯಂಟಿಬಯಾಟಿಕ್ಕನ್ನು ರೋಗಿ ಒಂದು ವಾರ ನುಂಗಿ ಬಿಡುತ್ತಾನೆ. ರಕ್ತದೊತ್ತಡದ ಮಾತ್ರೆಯನ್ನು ಬದುಕಿರುವವರೆಗೂ ನುಂಗುತ್ತಾನೆ. ಹೊಸ ಆ್ಯಂಟಿಬಯಾಟಿಕ್ ಬಂದರೆ ಅದನ್ನು ಆದಷ್ಟು ಬಳಸದೆ ಕಾಪಾಡಿ ಎಂದು ವೈದ್ಯರು ಹೇಳುತ್ತಾರೆ, ಹೇಳಲೇಬೇಕು. ಅಂಥ ಸರಕನ್ನು ಯಾವ ವ್ಯಾಪಾರಿ ಮಾಡಿಯಾನು? ಅಮೆರಿಕದ ಅಕಾವೊಜೆನ್ ಕಂಪನಿ 2018ರಲ್ಲಿ ಪ್ಲ್ಯಾಜೊಮೈಸಿನ್‌ಗೆ ಅನುಮತಿ ಪಡೆದು, ಮರುವರ್ಷ ದಿವಾಳಿಯಾಯಿತು. ದೊಡ್ಡ ಕಂಪನಿಗಳು ಒಂದೊಂದಾಗಿ ಮಣ್ಣಿನ ಪ್ರಯೋಗಾಲಯಗಳನ್ನು ಮುಚ್ಚಿದವು. ರೋಗಾಣುಗಳು ಮುಚ್ಚಲಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಾದ್ಯಂತ 12.7 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ ಅಂದಾಜು ಮಾಡಿತು.

ಬಗ್ಗದಿರುವ ಈ ಗುಣವನ್ನು ಹುಟ್ಟಿಸಿದವರು ನಾವಲ್ಲ, ಅದೂ ಮಣ್ಣಿನದೇ. ಕೆನಡಾದ ಜೆರಾರ್ಡ್ ರೈಟ್ ಅವರ ತಂಡ 2006ರಲ್ಲಿ ಮಣ್ಣಿನ 480 ತಳಿಗಳನ್ನು 21 ಆ್ಯಂಟಿಬಯಾಟಿಕ್ಕುಗಳ ಎದುರು ನಿಲ್ಲಿಸಿತು. ಒಂದೊಂದು ತಳಿಯೂ ಸರಾಸರಿ ಏಳೆಂಟು ಔಷಧಗಳಿಗೆ ಜಗ್ಗಲಿಲ್ಲ. ವಿಷ ತಯಾರಿಸುವವನ ಮನೆಯಲ್ಲೇ ಅದರ ಪ್ರತಿವಿಷವೂ ಇರಬೇಕಲ್ಲ. 30,000 ವರ್ಷ ಹಳೆಯ ಹಿಮದಡಿಯ ಮಣ್ಣಿನಲ್ಲೂ ಅದೇ ತಂಡ ಅಂಥ ಜೀನುಗಳನ್ನು ಕಂಡಿತು. ಮಣ್ಣಿನೊಳಗೆ ಚದುರಿಕೊಂಡಿದ್ದ ಆ ಗುಣವನ್ನು ಆರಿಸಿ, ಸಾಕಿ, ಆಸ್ಪತ್ರೆಯ ರೋಗಾಣುಗಳ ಕೈಗೆ ಕೊಟ್ಟದ್ದು ನಮ್ಮ ತಪ್ಪು. ನೆಗಡಿಗೂ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡ ಮಾತ್ರೆ, ಕೋಳಿಯ ಮೇವಿಗೆ ಬೆರೆಸಿದ ಪುಡಿ, ಕಾರ್ಖಾನೆಯಿಂದ ಹಳ್ಳಕ್ಕೆ ಹರಿದ ನೀರು, ಎಲ್ಲವೂ ಅದರಲ್ಲಿ ಸೇರಿವೆ.

ಇನ್ನು ಹೊಸ ಪ್ರಶ್ನೆಗಳಿಗೆ ಬರುತ್ತೇನೆ.

ಮಣ್ಣಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಕಾಣುವ ಬ್ಯಾಕ್ಟೀರಿಯಾಗಳಲ್ಲಿ ನಮ್ಮ ತಟ್ಟೆಯ ಮೇಲೆ ಬೆಳೆಯುವವು ಸುಮಾರು ನೂರಕ್ಕೆ ಒಂದು. ಉಳಿದವು ಬದುಕಿವೆ, ನಮ್ಮ ಊಟ ಒಲ್ಲವು. ಹಿಂದೆ ಹೇಳಿದ ಔಷಧಗಳೆಲ್ಲ ಆ ನೂರರಲ್ಲಿ ಒಂದರಿಂದ ಬಂದವು. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಕಿಮ್ ಲೂಯಿಸ್ ಮತ್ತು ಸ್ಲಾವಾ ಎಪ್‌ಸ್ಟೈನ್ ಮಿಕ್ಕ ತೊಂಬತ್ತೊಂಬತ್ತರ ಬಗ್ಗೆ ಕೇಳಿದರು: ಇವಕ್ಕೆ ಏನು ಬೇಕು? ಅದು ನಮಗೆ ತಿಳಿಯದಿದ್ದರೆ ಇವನ್ನು ತಮ್ಮ ಮಣ್ಣಿನಲ್ಲೇ ಬೆಳೆಸಬಾರದೇಕೆ? ಅಂಗೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಹಲಗೆಯೊಂದಕ್ಕೆ ನೂರಾರು ಪುಟ್ಟ ತೂತು ಕೊರೆದರು. ಮಣ್ಣನ್ನು ನೀರಿನಲ್ಲಿ ಕದಡಿ, ತೆಳುಮಾಡಿ, ಒಂದೊಂದು ತೂತಿಗೆ ಸುಮಾರು ಒಂದೊಂದೇ ಬ್ಯಾಕ್ಟೀರಿಯಾ ಬೀಳುವಂತೆ ಅಗರ್ ಜೊತೆ ತುಂಬಿದರು. ಎರಡೂ ಮಗ್ಗುಲಿಗೆ ತೆಳ್ಳನೆಯ ಪೊರೆ ಹೊದಿಸಿದರು. ಬ್ಯಾಕ್ಟೀರಿಯಾ ಹೊರಗೆ ಬಾರದು, ಮಣ್ಣಿನ ರಸ ಒಳಗೆ ಇಳಿಯುತ್ತದೆ. ಆ ಹಲಗೆಯನ್ನು ಮಣ್ಣು ತೆಗೆದ ಜಾಗದ ಮಣ್ಣಿನಲ್ಲೇ ಹೂತರು. ನೂರಕ್ಕೆ ಒಂದು ಬೆಳೆಯುತ್ತಿದ್ದಲ್ಲಿ ಅರ್ಧದಷ್ಟು ಬೆಳೆದವು. ಇದಕ್ಕೆ ಐಚಿಪ್ ಎಂದು ಹೆಸರು. ವಿನೊಗ್ರಾಡ್‌ಸ್ಕಿ ಹೇಳಿ ತೊಂಬತ್ತು ವರ್ಷವಾಗಿತ್ತು.

ಹೀಗೆ ಸಿಕ್ಕಿದ 10,000 ತಳಿಗಳನ್ನು ಪರೀಕ್ಷಿಸಿದಾಗ ಮೇನ್ ರಾಜ್ಯದ ಹುಲ್ಲುಗಾವಲಿನ ಮಣ್ಣಿನಲ್ಲಿದ್ದ ಎಲೆಫ್ತೇರಿಯಾ ಟೆರೇ ಎಂಬ ಅಪರಿಚಿತ ಬ್ಯಾಕ್ಟೀರಿಯಾದಿಂದ ಟೈಕ್ಸೊಬ್ಯಾಕ್ಟಿನ್ ಸಿಕ್ಕಿತು. 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಬಹುಪಾಲು ಔಷಧಗಳು ರೋಗಾಣುವಿನ ಯಾವುದೋ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಜೀನಿನಲ್ಲಿ ಒಂದಕ್ಷರ ಬದಲಾದರೆ ಪ್ರೋಟೀನು ಬದಲಾಗಿ ಔಷಧ ಜಾರಿಬಿಡುತ್ತದೆ. ಟೈಕ್ಸೊಬ್ಯಾಕ್ಟಿನ್ ಹಿಡಿಯುವುದು ಜೀವಕೋಶದ ಗೋಡೆ ಕಟ್ಟುವ ಇಟ್ಟಿಗೆಗಳನ್ನೇ, ಅಂದರೆ ಕೊಬ್ಬಿಗೆ ಅಂಟಿದ ಕಚ್ಚಾಸಾಮಗ್ರಿಯನ್ನು. ಇಟ್ಟಿಗೆಯ ರೂಪ ಬದಲಿಸಿಕೊಳ್ಳುವುದು ರೋಗಾಣುವಿಗೆ ಸುಲಭವಲ್ಲ. ಪ್ರಯೋಗಾಲಯದಲ್ಲಿ ಇದಕ್ಕೆ ಜಗ್ಗದ ತಳಿಯನ್ನು ಬೆಳೆಸಲು ಅವರಿಗೆ ಆಗಲಿಲ್ಲ. ಕ್ಷಯದ ರೋಗಾಣುವನ್ನೂ ಇದು ಕೊಲ್ಲುತ್ತದೆ. ಆದರೆ ಎರಡು ಪೊರೆ ಹೊದ್ದ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ಗಳ ಒಳಗೆ ಇಳಿಯದು. ನಮ್ಮ ಐಸಿಯುಗಳಲ್ಲಿ ಹೆಚ್ಚು ಕಾಡುವವು ಅವೇ. ಟೈಕ್ಸೊಬ್ಯಾಕ್ಟಿನ್ ಇಂದಿಗೂ ಔಷಧದಂಗಡಿಗೆ ಬಂದಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಎರಡನೆಯ ಪ್ರಶ್ನೆ ಜೀನುಗಳದು. 2002ರಲ್ಲಿ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್‌ನ ಇಡೀ ಜೀನೋಮ್ ಓದಿದಾಗ 7,825 ಜೀನುಗಳು ಕಂಡವು. ಮನುಷ್ಯನಲ್ಲಿ ಪ್ರೋಟೀನಿಗೆ ಸಂಕೇತವಾದ ಜೀನುಗಳು ಸುಮಾರು 20,000 ಎಂಬುದರ ಜೊತೆ ಹೋಲಿಸಿ ನೋಡಿ. ದಶಕಗಳ ಕಾಲ ಸಾಕಿದ ಈ ಬ್ಯಾಕ್ಟೀರಿಯಾ ಬೆರಳೆಣಿಕೆಯ ಆ್ಯಂಟಿಬಯಾಟಿಕ್ಕುಗಳನ್ನಷ್ಟೇ ಕೊಟ್ಟಿತ್ತು. ಅಂಥ ವಸ್ತುಗಳನ್ನು ತಯಾರಿಸುವ ಇಪ್ಪತ್ತಕ್ಕೂ ಹೆಚ್ಚು ಜೀನುಗುಚ್ಛಗಳು ಅದರೊಳಗೆ ಸುಮ್ಮನೆ ಮಲಗಿದ್ದವು. ನ್ಯೂಯಾರ್ಕಿನ ಸೀನ್ ಬ್ರೇಡಿ ಇನ್ನೂ ಮುಂದೆ ಹೋದರು. ಬ್ಯಾಕ್ಟೀರಿಯಾವನ್ನು ಬೆಳೆಸುವ ಗೋಜೇ ಬೇಡವೆಂದು, ಜನಸಾಮಾನ್ಯರು ಕಳಿಸಿದ ಎರಡು ಸಾವಿರಕ್ಕೂ ಹೆಚ್ಚು ಮಣ್ಣುಗಳಿಂದ ಡಿಎನ್‌ಎ ಮಾತ್ರ ತೆಗೆದು, ಬೇಕಾದ ಗುಚ್ಛವನ್ನು ಸಾಕಿದ ಬ್ಯಾಕ್ಟೀರಿಯಾದೊಳಗೆ ಇಟ್ಟು 2018ರಲ್ಲಿ ಮಾಲಸಿಡಿನ್‌ಗಳನ್ನು ಹೊರತಂದರು.

ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಏಕೆಂದರೆ ಅದಕ್ಕೆ ಯಂತ್ರವೇ ಬೇಕಿರಲಿಲ್ಲ. ಕೆನಡಾದ ಹ್ಯಾಮಿಲ್ಟನ್ನಿನಲ್ಲಿ ರೈಟ್ ಅವರ ಪ್ರಯೋಗಾಲಯದವರು ಮನೆಯೊಂದರ ಹಿತ್ತಲ ಮಣ್ಣು ತಂದು, ಅದರ ಬ್ಯಾಕ್ಟೀರಿಯಾಗಳನ್ನು ಸುಮಾರು ಒಂದು ವರ್ಷ ಹಾಗೇ ಬೆಳೆಯಲು ಬಿಟ್ಟರು. ನಾವೆಲ್ಲ ವಾರಕ್ಕೇ ತಟ್ಟೆ ತೊಳೆದು ಬಿಡುತ್ತಿದ್ದೆವು. ಮೆಲ್ಲಗೆ ಬೆಳೆಯುವವು ಎದ್ದು ಬಂದವು. ಅವುಗಳಲ್ಲೊಂದು ಪೀನಿಬ್ಯಾಸಿಲಸ್, ಗಂಟು ಹಾಕಿದ ಕುಣಿಕೆಯಂಥ ಪುಟ್ಟ ಪೆಪ್ಟೈಡ್ ಒಂದನ್ನು ತಯಾರಿಸುತ್ತಿತ್ತು. ಅದಕ್ಕೆ ಲ್ಯಾರಿಯೊಸಿಡಿನ್ ಎಂದು ಹೆಸರಿಟ್ಟು 2025ರಲ್ಲಿ ಪ್ರಕಟಿಸಿದರು. ಪ್ರಬಂಧದ ಮೊದಲ ಲೇಖಕ ಮನೋಜ್ ಜಾಂಗ್ರಾ, ನಮ್ಮ ದೇಶದ ತರುಣ. ರೋಗಾಣು ಪ್ರೋಟೀನ್ ತಯಾರಿಸುವ ಯಂತ್ರದ ಮೇಲೆ, ಈವರೆಗಿನ ಔಷಧಗಳು ಮುಟ್ಟದ ಜಾಗದಲ್ಲಿ ಇದು ಕೂರುತ್ತದೆ. ಇಲಿಗಳಲ್ಲಿ ಅಸಿನೆಟೊಬ್ಯಾಕ್ಟರ್ ಸೋಂಕನ್ನು ತಡೆದಿದೆ. ರೋಗಿಯನ್ನು ತಲುಪಲು ಇನ್ನೂ ಬಹಳ ದೂರ ಇದೆ.

ಈಗ ನಮ್ಮ ಮಾತು. ನಮ್ಮ ಕಾಲೇಜುಗಳಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಓದುವ ಮಕ್ಕಳು ಪ್ರತಿ ವರ್ಷ ಮನೆಯಿಂದ ಮಣ್ಣು ತರುತ್ತಾರೆ. ಅಡಿಕೆ ತೋಟದ್ದು, ಎರೆ ಹೊಲದ್ದು, ದೇವರ ಕಾಡಿನದು, ಹುತ್ತದ್ದು. ಅದನ್ನು ಒಣಗಿಸಿ, ತೆಳುಮಾಡಿ ತಟ್ಟೆಗೆ ಬಳಿದರೆ ಐದಾರು ದಿನಕ್ಕೆ ರಂಗೋಲಿ ಪುಡಿ ಉದುರಿದಂತೆ ಬಿಳಿ, ಬೂದು, ನಸುಗುಲಾಬಿ ಚುಕ್ಕಿಗಳು ಏಳುತ್ತವೆ. ಮುಚ್ಚಳ ತೆಗೆದರೆ ಮಳೆಯ ವಾಸನೆ. ಚುಕ್ಕಿಯನ್ನು ಗೆರೆಯಾಗಿ ಎಳೆದು ಎದುರಿಗೆ ರೋಗಾಣು ಗೀಚುತ್ತಾರೆ, ಅದು ಹಿಂದೆ ಸರಿದರೆ ಫೋಟೊ ತೆಗೆಯುತ್ತಾರೆ, ಪ್ರಬಂಧ ಬರೆಯುತ್ತಾರೆ, ಪದವಿ ಪಡೆಯುತ್ತಾರೆ. ಆಮೇಲೆ ಆ ಬ್ಯಾಕ್ಟೀರಿಯಾ ಏನಾಗುತ್ತದೆ? ಬಹುಪಾಲು ಕಡೆ ಫ್ರಿಜ್ಜಿನಲ್ಲಿ ಒಣಗಿ ಸಾಯುತ್ತದೆ.

ನನ್ನ ಅನುಭವವನ್ನೇ ಹೇಳುತ್ತೇನೆ. ಹನ್ನೊಂದು ವರ್ಷ ವಿದ್ಯಾರ್ಥಿಗಳ ಜೊತೆ ಕೂಡಿಸಿದ 312 ತಳಿಗಳು ಅಗರ್ ನಳಿಕೆಗಳಲ್ಲಿದ್ದವು. ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಮೇ ರಜೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ವಿದ್ಯುತ್ ಹೋಯಿತು. ಹದಿನೇಳು ದಿನ ಯಾರೂ ಫ್ರಿಜ್ಜಿನ ಕೋಣೆಯ ಬಾಗಿಲು ತೆಗೆಯಲಿಲ್ಲ. ಮರಳಿ ಬಂದಾಗ ಮೂರನ್ನು ಬಿಟ್ಟು ಮಿಕ್ಕವು ಏಳಲಿಲ್ಲ. ಹೋದವುಗಳಲ್ಲಿ 87ನೆಯ ನಂಬರಿನದೊಂದಿತ್ತು. ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯ ಮೆಣಸಿನ ಬಳ್ಳಿಯ ಬುಡದಿಂದ ತಂದದ್ದು. ಕ್ಲೆಬ್ಸಿಯೆಲ್ಲಾವನ್ನು ಹಿಂದೆ ಸರಿಸಿದ್ದು ನಮ್ಮಲ್ಲಿ ಅದೊಂದೇ. ಅದೇ ಬಳ್ಳಿಯ ಬುಡಕ್ಕೆ ಎರಡು ಸಲ ಹೋಗಿ ಮಣ್ಣು ತಂದೆವು, ಮತ್ತೆ ಸಿಗಲಿಲ್ಲ. ಅದು ಹೊಸ ಔಷಧವೇ ಆಗಿತ್ತೆಂದು ನಾನು ಹೇಳಲಾರೆ, ಹಳೆಯದೇ ಇದ್ದೀತು. ಕೇಳಿ ನೋಡುವ ಅವಕಾಶ ಕೈತಪ್ಪಿತು. ಆ ನೋವು ಇಂದಿಗೂ ಇದೆ.

ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್ ಕೈಗೆ ಸಿಕ್ಕಿದ ದಿನವೇ ಔಷಧ ಕೊಡಲಿಲ್ಲ. ಇಂದು ಕೇಳಲು ಗೊತ್ತಿರದ ಪ್ರಶ್ನೆಯನ್ನು ಇಪ್ಪತ್ತೇಳು ವರ್ಷದ ಮೇಲೆ ಬರುವ ಹುಡುಗಿ ಕೇಳಿಯಾಳು. ಅವಳು ಬರುವ ಹೊತ್ತಿಗೆ ತಳಿ ಬದುಕಿರಬೇಕು. ಇದಕ್ಕೆ ದುಬಾರಿ ಯಂತ್ರ ಬೇಡ. ಗ್ಲಿಸರಾಲ್ ಬೆರೆಸಿ ತಣ್ಣಗಿಡುವುದು ಒಂದು ದಾರಿ. ವಿದ್ಯುತ್ತಿನ ಭರವಸೆ ಇಲ್ಲದವರಿಗೆ ಹಳಬರ ದಾರಿ ಇದೆ: ಮಣ್ಣನ್ನು ಜರಡಿ ಹಿಡಿದು, ಆಟೊಕ್ಲೇವಿನಲ್ಲಿ ಹಲವು ಸಲ ಶುದ್ಧಮಾಡಿ, ಒಣಗಿಸಿ, ಬೀಜಾಣುಗಳನ್ನು ಅದಕ್ಕೆ ಬೆರೆಸಿ ಮತ್ತೆ ಒಣಗಿಸಿ, ನಳಿಕೆಯ ಬಾಯಿ ಭದ್ರವಾಗಿ ಮುಚ್ಚಿಡುವುದು. ವರ್ಷಗಟ್ಟಲೆ ಬದುಕುತ್ತವೆ. ನಮ್ಮ ಉಳಿದ ಮೂರನ್ನು ನಾನು ಹಾಗೇ ಇಟ್ಟಿದ್ದೇನೆ.

ಈ ವರ್ಷ ಪ್ರಾಜೆಕ್ಟ್ ಮಾಡುತ್ತಿರುವ ವಿದ್ಯಾರ್ಥಿಗಳಲ್ಲಿ, ಅವರ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ. ತಟ್ಟೆಗಳನ್ನು ವಾರಕ್ಕೇ ತೊಳೆಯಬೇಡಿ. ಒಂದೆರಡನ್ನಾದರೂ ಒಣಗದಂತೆ ಸುತ್ತಿ ತಿಂಗಳುಗಟ್ಟಲೆ ಕಾಯಿರಿ. ಪ್ರಬಂಧ ಸಲ್ಲಿಸುವ ಮೊದಲು ಪ್ರತಿ ತಳಿಯನ್ನೂ ಮಣ್ಣಿನ ನಳಿಕೆಗೆ ಇಳಿಸಿ, ಯಾವ ಊರಿನ ಯಾವ ಮರದ ಬುಡದ್ದು, ಯಾವ ದಿನ, ತಂದವರು ಯಾರು ಎಂದು ಚೀಟಿ ಅಂಟಿಸಿ. ಒಂದು ನಳಿಕೆ ನಿಮ್ಮ ವಿಭಾಗದಲ್ಲಿರಲಿ. ಒಳ್ಳೆಯದೆನಿಸಿದ ತಳಿಯ ಇನ್ನೊಂದು ಪ್ರತಿಯನ್ನು ಚಂಡೀಗಢದಲ್ಲೋ ಪುಣೆಯಲ್ಲೋ ಇರುವ ರಾಷ್ಟ್ರೀಯ ಸಂಗ್ರಹಕ್ಕೆ ಕಳಿಸಿಕೊಡಿ.